ತೂಕ, ಒಣತೂಕ, ಬಟ್ಟೆ

ಅಕ್ಕನಿಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅಷ್ಟೇ. ಬೆಳಗಿನ ಕಾಫಿ, ಮಾತ್ರೆ ನುಂಗುವ ಗುಟುಕು, ಊಟದ ಮಧ್ಯೆ ತುತ್ತು ಇಳಿಸಲು ಬೇಕಾದ ಹನಿ, ಎಲ್ಲವೂ ಅದರಲ್ಲೇ ಬರಬೇಕು. ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ನಾಲ್ಕು ಗಂಟೆ ಕುರ್ಚಿಗೆ ಒರಗಿ ಕೂತರೆ, ಮೆಷಿನ್ನು ಅವಳ ರಕ್ತ ತೊಳೆದು, ಮೈಯಲ್ಲಿ ತುಂಬಿಕೊಂಡ ನೀರನ್ನು ಎಳೆದು ತೆಗೆಯುತ್ತಿತ್ತು. ಕುಡಿದದ್ದು ಹೊರಗೆ ಹೋಗಲು ಬೇರೆ ದಾರಿಯಿರಲಿಲ್ಲ. ಹೆಚ್ಚು ಕುಡಿದರೆ ನೀರು ಎದೆಗೂಡಿಗೆ ಏರಿ ಉಸಿರು ಕಟ್ಟುತ್ತದೆ. ಅಕ್ಕ ಈ ವಿಷಯದಲ್ಲಿ ಒಂದು ದಿನವೂ ತಪ್ಪಿದವಳಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. ಇಪ್ಪತ್ತೆಂಟು ವರ್ಷ ಬಟ್ಟೆಗೆ ಕತ್ತರಿ ಇಟ್ಟವಳು. ಅಳತೆ ಅರ್ಧ ಇಂಚು ಆಚೀಚೆ ಆದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಮ್ಮ ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು. ಗೋದಾಮುಗಳಿಗೆ ಪ್ರೋಗ್ರಾಮ್ ಬರೆದುಕೊಡುವ ಸಣ್ಣ ಕಂಪನಿಯಲ್ಲಿ ಕೆಲಸ. ಮದುವೆಯ ಗೋಜಿಗೆ ಇಬ್ಬರೂ ಹೋಗಿರಲಿಲ್ಲ. ಇವನನ್ನು ಓದಿಸುವ ಭರದಲ್ಲಿ ಅವಳು ಮರೆತಳು, ಓದುವ ಭರದಲ್ಲಿ ಇವನು ಮರೆತ. ಈಗ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂರುವುದು, ಕರೆದುಕೊಂಡು ಬರುವುದು, ಇದೇ ಅವನ ವಾರ.

ಬೆಂಚಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ಒಂಬತ್ತು ಕುರ್ಚಿ, ಒಂಬತ್ತು ಮೆಷಿನ್ನು, ಇಬ್ಬರು ನರ್ಸುಗಳು, ಅವರ ಮೇಲೆ ಎಲ್ಲರೂ ದೊಡ್ಡ ಸಿಸ್ಟರ್ ಎಂದು ಕರೆಯುವ ಹೆಂಗಸು. ರೋಗಿ ಬಂದ ಕೂಡಲೇ ತೂಕ ನೋಡುವುದು, ಚೀಟಿಯ ಮೇಲೆ ಲೆಕ್ಕ ಹಾಕುವುದು, ಇಷ್ಟು ನೀರು ತೆಗೆ ಎಂದು ಮೆಷಿನ್ನಿಗೆ ಹೇಳುವುದು, ಕೊನೆಗೆ ಇನ್ನೊಮ್ಮೆ ತೂಕ ನೋಡಿ ತಾಳೆ ಹಾಕುವುದು. ಲೆಕ್ಕ ಸುಲಭದ್ದೇ. ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗ ಮನುಷ್ಯ ಎಷ್ಟು ತೂಗಬೇಕೋ ಅದನ್ನು ಅವರು ಒಣತೂಕ ಎನ್ನುತ್ತಾರೆ. ಅಕ್ಕನದು ಐವತ್ತೊಂದು ಕಿಲೋ. ಇವತ್ತಿನ ತೂಕದಿಂದ ಅದನ್ನು ಕಳೆದರೆ ತೆಗೆಯಬೇಕಾದ ನೀರು ಸಿಕ್ಕಿತು. ಆಸ್ಪತ್ರೆಯಲ್ಲಿ ಒಂದು ಪ್ರೋಗ್ರಾಮ್ ಇತ್ತು, ಇಲ್ಲವೆಂದಲ್ಲ. ಆದರೆ ಡಾಕ್ಟರು ಒಂದು ನಿಯಮ ಬದಲಿಸಿದರೆ ಅದರಲ್ಲಿ ಬದಲಾಗಲು ಮೂರು ತಿಂಗಳು ಬೇಕಿತ್ತು. ಹಾಗಾಗಿ ಅದು ಧೂಳು ತಿನ್ನುತ್ತಿತ್ತು, ಚೀಟಿಗಳು ಓಡಾಡುತ್ತಿದ್ದವು.

ತಮ್ಮನಿಗೆ ಆಸೆ ಹುಟ್ಟಿತು. ನಿಯಮಗಳನ್ನು ಸಿಸ್ಟರುಗಳೇ ತಮಗೆ ತಿಳಿದ ಮಾತಿನಲ್ಲಿ ಬರೆದುಕೊಳ್ಳುವಂತಿದ್ದರೆ? ಅದಕ್ಕೊಂದು ಪುಟ್ಟ ಭಾಷೆ ಬೇಕು. ಆ ಭಾಷೆಯ ಸಾಲನ್ನು ಓದಿ ಬಿಡಿಸುವ ಒಂದು ಭಾಗ, ಬಿಡಿಸಿದ್ದನ್ನು ಲೆಕ್ಕ ಹಾಕಿ ಉತ್ತರ ಕೊಡುವ ಇನ್ನೊಂದು ಭಾಗ.

"ಇರೋ ಭಾಷೇಲೇ ನೆಟ್ಟಗೆ ನಾಲ್ಕು ಮಾತಾಡಕ್ಕೆ ಬರಲ್ಲ ಇವನಿಗೆ, ಇನ್ನೊಂದು ಭಾಷೆ ಮಾಡ್ತಾನಂತೆ," ಎಂದು ಅಕ್ಕ ಪಕ್ಕದ ಕುರ್ಚಿಯ ಬೈಂಡರ್ ತಾತನಿಗೆ ಹೇಳಿ ನಕ್ಕಳು. ತಾತ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸದವರು, ಮಾತಿಗೆ ನಿಂತರೆ ಬಿಡುವವರಲ್ಲ. "ಮಾಡ್ಲಿ ಬಿಡಮ್ಮಾ, ಅದರಲ್ಲಾದ್ರೂ ಒಂದು ಹೆಣ್ಣು ಒಪ್ಪಿದ್ರೆ ಸಾಕು," ಎಂದರು.

ಅವನು ಭಾನುವಾರಗಳ ಬೆಳಗ್ಗೆ ಕೂತು ಬರೆದ. ಒಂದೊಂದು ಸಣ್ಣ ಫಂಕ್ಷನ್ನಿಗೆ, ಅಂದರೆ ಪ್ರೋಗ್ರಾಮಿನ ತುಣುಕಿಗೆ, ಒಂದೊಂದೇ ಕೆಲಸ: ಒಂದು ಅಂಕಿ ಗುರುತಿಸುತ್ತದೆ, ಒಂದು ಹೆಸರು, ಒಂದು ಚಿಹ್ನೆ. ಅವನ್ನು ಕೂಡಿಸಿದರೆ ಇಡೀ ಸಾಲು ಓದುವ ದೊಡ್ಡ ಫಂಕ್ಷನ್ನು. ಯಾವುದೂ ಹೊರಗಿನ ಯಾವುದನ್ನೂ ಮುಟ್ಟುವುದಿಲ್ಲ, ಬದಲಿಸುವುದಿಲ್ಲ. ಅದೇ ಕೊಟ್ಟರೆ ಅದೇ ಉತ್ತರ, ಇವತ್ತೂ, ನಾಳೆಯೂ. ಈ ಶುದ್ಧಿಯ ಮೇಲೆ ಅವನಿಗೆ ವಿಪರೀತ ಮೋಹ. ತಪ್ಪು ಉತ್ತರವನ್ನೂ ಅದು ಅಷ್ಟೇ ನಿಷ್ಠೆಯಿಂದ ಇವತ್ತೂ ನಾಳೆಯೂ ಕೊಡುತ್ತದೆಂಬುದು ಆ ಮೋಹದಲ್ಲಿ ಹೊಳೆಯಲಿಲ್ಲ.

ಕಳೆಯುವ ಲೆಕ್ಕದ ಹತ್ತಿರ ಒಂದು ಕಡೆ ತೊಡಕಾಯಿತು. 'ಕಳೆಯುವ ಲೆಕ್ಕ ಅಂದರೆ ಮೊದಲು ಒಂದು ಕಳೆಯುವ ಲೆಕ್ಕ, ಆಮೇಲೆ ಒಂದು ಅಂಕಿ' ಎಂದು ಬರೆದ. ಫಂಕ್ಷನ್ನು ಒಂದಕ್ಷರವನ್ನೂ ಓದದೆ ತನ್ನನ್ನೇ ಕರೆಯಿತು, ಮತ್ತೆ ಕರೆಯಿತು, ಗಾಣದೆತ್ತಿನಂತೆ ಸುತ್ತಿ ಸುತ್ತಿ ನಿಂತೇಬಿಟ್ಟಿತು. ಅವನು ಸಾಲನ್ನು ತಿರುಗಿಸಿದ: ಮೊದಲು ಒಂದು ಅಂಕಿ, ಆಮೇಲೆ ಉಳಿದದ್ದೆಲ್ಲ. ಈಗ ಓಡಿತು. ಆರೇ ಸಾಲು, ನೋಡಲು ಚೆಂದ. ಈ ಕಸುಬಿಗೆ ಹೊಸದಾಗಿ ಕೈ ಹಚ್ಚಿದವರೆಲ್ಲ ಎಡವುವ ಕಲ್ಲು ಇದೇ, ಸಾಲನ್ನು ಹೀಗೆ ತಿರುಗಿಸುವುದು. ಎಚ್ಚರಿಕೆಯನ್ನು ಅವನೂ ಎಂದೋ ಓದಿದ್ದ. ಆದರೆ ಓಡುತ್ತಿರುವ ಪ್ರೋಗ್ರಾಮಿನ ಮುಂದೆ ಓದಿದ್ದು ಯಾರಿಗೆ ನೆನಪಾಗುತ್ತದೆ? ಹೆತ್ತವರಿಗೆ ಹೆಗ್ಗಣ ಮುದ್ದು.

ಸಿಸ್ಟರುಗಳ ಹಳೆಯ ಚೀಟಿಗಳನ್ನೇ ತಂದು ನಲವತ್ತು ಪರೀಕ್ಷೆ ಮಾಡಿದ. ನಲವತ್ತೂ ಸರಿ ಬಂದವು. ದೊಡ್ಡ ಸಿಸ್ಟರ್ ತಾವೇ ಕೂತು ಮೊದಲ ನಿಯಮ ಟೈಪ್ ಮಾಡಿದರು: ತೂಕ − ಒಣತೂಕ − ಬಟ್ಟೆ. ಬಟ್ಟೆ ಯಾಕೆಂದು ಅವನು ಕೇಳಿದ್ದಕ್ಕೆ, "ಚಳೀಲಿ ಸ್ವೆಟರ್ ಬಿಚ್ಚಿ ಅಂದ್ರೆ ಯಾರೂ ಬಿಚ್ಚಲ್ಲ. ಅದರ ತೂಕ ಕಳೀಬೇಕಲ್ಲ," ಎಂದರು. ಆಗ ಬೇಸಿಗೆ. ತೆಳು ಬಟ್ಟೆಗೆ ತೂಕ ಹಿಡಿಯುವುದಿಲ್ಲ, ಆ ಜಾಗದಲ್ಲಿ ಸೊನ್ನೆ. ಅವನು ತಂದ ಚೀಟಿಗಳೆಲ್ಲ ಆ ಬೇಸಿಗೆಯವೇ, ಎಲ್ಲದರಲ್ಲೂ ಸೊನ್ನೆ.

ಎರಡು ತಿಂಗಳು ನೋಡಿ ಡಾಕ್ಟರು ಒಪ್ಪಿಗೆ ಕೊಟ್ಟರು. ಹೊಗಳಿಕೆಯಿಂದ ಇವನು ಉಬ್ಬಿಹೋದ. ಉಬ್ಬಿದವನು ಸುಮ್ಮನಿದ್ದರೆ ಸಾಕಿತ್ತು.

"ಲೆಕ್ಕ ತಪ್ಪೋ ಹಾಗೇ ಇಲ್ಲವಲ್ಲ ಸಿಸ್ಟರ್, ಕೊನೇಲಿ ಮತ್ತೆ ಯಾಕೆ ತೂಕ? ತಲೆ ತಿರುಗೋ ಜನಾನ ಎಬ್ಬಿಸಿ ನಿಲ್ಲಿಸ್ತೀರ. ಕುರ್ಚಿಗೆ ಹತ್ತು ನಿಮಿಷ ಉಳಿಯುತ್ತೆ," ಎಂದ.

ದೊಡ್ಡ ಸಿಸ್ಟರ್ ಬಾಗಿಲ ಕಡೆ ನೋಡಿದರು. ಹೊರಗೆ ಮುಂದಿನ ತಂಡದ ಒಂಬತ್ತು ಜನ ಕಾಯುತ್ತಿದ್ದರು. ಎರಡನೇ ತೂಕ ಅವತ್ತಿನಿಂದ ನಿಂತಿತು.

ಚಳಿ ಆ ವರ್ಷ ಒಮ್ಮೆಲೇ ಬಿತ್ತು. ಅಕ್ಕ ತಾನೇ ಹೆಣೆದ ದಪ್ಪ ಸ್ವೆಟರ್ ಹಾಕಿ, ಮೇಲೆ ಶಾಲು ಹೊದ್ದು ಬಂದಳು. ಬಟ್ಟೆ ಒಂದು ಕಿಲೋ. ತೂಕದ ಮೇಲೆ ನಿಂತರೆ ಐವತ್ಮೂರು. ನರ್ಸು ಅಂಕಿ ಒತ್ತಿದಳು. ಮೂರು ಲೀಟರ್ ಎಂದು ಬಂತು.

"ಏನ್ರೀ ಟೈಲರಮ್ಮ, ಕೆರೇನೇ ಕುಡ್ಕೊಂಡು ಬಂದಿದೀರಲ್ಲ!" ಎಂದರು ದೊಡ್ಡ ಸಿಸ್ಟರ್.

"ಇಲ್ಲ ಸಿಸ್ಟರ್. ಎಂದಿನಷ್ಟೇ."

"ಎಂದಿನಷ್ಟೇ ಆದ್ರೆ ಒಂದು, ಒಂದೂವರೆ. ಇದು ಮೂರು."

ಅಕ್ಕ ತಮ್ಮನ ಮುಖ ನೋಡಿದಳು. ತಮ್ಮ ಪರದೆಯ ಮುಖ ನೋಡಿದ. ಅಲ್ಲಿ ಮೂರು ಇತ್ತು. "ಮರೆತು ಕುಡಿದಿರ್ತೀಯ ಬಿಡು," ಎಂದ. ಅವಳು ಶಾಲು ಬಿಗಿದುಕೊಂಡು ಹೋಗಿ ಕುರ್ಚಿಯಲ್ಲಿ ಕೂತಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನದ ಮಧ್ಯೆ ಒಬ್ಬಳ ಮಾತಿಗೆ ಎಷ್ಟು ಬೆಲೆ?

ಮೂರನೇ ಗಂಟೆಗೆ ಅವಳ ಕಾಲಿನ ಮೀನಖಂಡ ಕಲ್ಲಿನಂತೆ ಸೆಟೆದುಕೊಂಡಿತು. ಹಲ್ಲು ಕಚ್ಚಿ ಕಣ್ಣು ಮುಚ್ಚಿ ಕೂತಳು. ಮನೆಗೆ ಬರುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅಂಥ ಬಾಯಾರಿಕೆಯನ್ನು ಅವಳು ನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಮುಕ್ಕಾಲು ಲೀಟರಿನ ಬಾಟಲಿ ಮಧ್ಯಾಹ್ನಕ್ಕೇ ಖಾಲಿಯಾಯಿತು. ಆಮೇಲೆ ಅವಳು ಏನು ಮಾಡಿದಳೆಂದು ತಮ್ಮನಿಗೆ ಗೊತ್ತಾದದ್ದು ಹತ್ತು ದಿನ ಕಳೆದ ಮೇಲೆ. ಆ ಹತ್ತು ದಿನವೂ ಪ್ರತಿ ಸಲ ಮೂರು, ಮೂರು, ಮೂರೂಕಾಲು. ಪ್ರತಿ ಸಲ ಸೆಳೆತ, ಪ್ರತಿ ಸಲ ಬೈಗುಳ. ಕೋಣೆಯಲ್ಲಿ ಇನ್ನೂ ಐದಾರು ಜನಕ್ಕೆ ಹೀಗೇ ಆಗುತ್ತಿತ್ತು. ಚಳಿಗೆ ಜನ ಬಿಸಿಬಿಸಿ ಕುಡಿಯುತ್ತಾರೆ, ಬಾಯಿ ಕಟ್ಟುವುದಿಲ್ಲ ಎಂದು ಸಿಸ್ಟರುಗಳು ತಮ್ಮತಮ್ಮಲ್ಲೇ ಹೇಳಿಕೊಂಡರು.

ಒಂದು ಸಂಜೆ ಅವನು ಬೇಗ ಮನೆಗೆ ಬಂದ. ಅಂಗಡಿಯಲ್ಲಿ ಅಕ್ಕ ಇಸ್ತ್ರಿ ಟೇಬಲ್ಲಿನ ಹಿಂದೆ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು. ಬಟ್ಟೆಗೆ ಚಿಮುಕಿಸಲು ಇಟ್ಟ ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ ಗಟಗಟ ಕುಡಿಯುತ್ತಿದ್ದಳು. ಗದ್ದದಿಂದ ನೀರು ಇಳಿದು ಸ್ವೆಟರಿನ ಕೊರಳು ಒದ್ದೆಯಾಗಿತ್ತು.

"ಅಕ್ಕ!"

ಅವಳು ಬೆಚ್ಚಿ ತಿರುಗಿದಳು. ಬಾಟಲಿಯನ್ನು ಹಿಂದೆ ಮುಚ್ಚಿಟ್ಟುಕೊಂಡಳು. ಐವತ್ಮೂರು ವರ್ಷದ ಹೆಂಗಸು, ತನ್ನ ದುಡಿಮೆಯ ಮನೆಯಲ್ಲಿ, ತಾನು ಬೆಳೆಸಿದ ತಮ್ಮನ ಮುಂದೆ ಕಳ್ಳಿಯಂತೆ ನಿಂತಳು.

"ನಾಚಿಕೆ ಆಗಲ್ವಾ ನಿನಗೆ? ಇಸ್ತ್ರಿ ನೀರು! ನಾನು ಅಲ್ಲಿ ನಿನ್ನ ಜೊತೆ ಬೈಸ್ಕೊಳ್ತಾ ಇದೀನಿ, ನೀನು ಇಲ್ಲಿ ಕದ್ದು ಕುಡೀತಿದೀಯ?"

"ತಡೆಯಕ್ಕಾಗಲ್ಲ ಕಣೋ. ಒಳಗೆ ಬೆಂಕಿ ಬಿದ್ದ ಹಾಗಾಗುತ್ತೆ."

"ನಾಲ್ಕು ವರ್ಷ ತಡೆದೆ, ಈಗೇನು ಬಂತು?"

"ಅದೇ ನನಗೂ ಗೊತ್ತಾಗ್ತಿಲ್ಲ," ಎಂದಳು ಅಕ್ಕ. "ಮೊದಲನೇ ದಿನ ಮಾತ್ರ ನಾನು ಕುಡಿದಿರಲಿಲ್ಲ. ನಿಜವಾಗ್ಲೂ ಕುಡಿದಿರಲಿಲ್ಲ. ಅದೊಂದು ನಂಬು."

"ಈಗ ಕುಡಿದಿದ್ದನ್ನ ಕಣ್ಣಾರೆ ನೋಡಿದೀನಿ. ಆವತ್ತಿಂದು ಹೇಗೆ ನಂಬಲಿ?"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥವರಿಗೇ. ಆದರೆ ಅವನು ಹೆದರಿದ್ದ, ಅದೂ ನಿಜ. ಅಕ್ಕನ ಎದೆಗೆ ನೀರು ತುಂಬಿ ಅವಳು ಉಸಿರಿಗೆ ಒದ್ದಾಡುವುದನ್ನು ಮೊದಲ ವರ್ಷ ಒಮ್ಮೆ ನೋಡಿದ್ದ. ಆ ಹೆದರಿಕೆಯೇ ಬಾಯಲ್ಲಿ ಸಿಟ್ಟಾಗಿ ಬಂತು. ಇಸ್ತ್ರಿ ಬಾಟಲಿಯನ್ನು ಬಚ್ಚಲಿಗೆ ಸುರಿದ. ಅಡುಗೆಮನೆಗೆ ಬೀಗ ಹಾಕುತ್ತೇನೆ ಎಂದ. ಅವಳ ಎರಡೂ ಕೈ ಹಿಡಿದುಕೊಂಡು, "ನನಗೆ ಮಾತು ಕೊಡು. ಬಾಟಲಿಲಿ ಇರೋದು ಬಿಟ್ಟು ಒಂದು ಹನಿ ಮುಟ್ಟಲ್ಲ ಅಂತ," ಎಂದ. ಅವನ ಕಣ್ಣಲ್ಲೂ ನೀರಿತ್ತು.

"ಬೀಗ ಬೇಡ," ಎಂದಳು ಅಕ್ಕ. "ಮುಟ್ಟಲ್ಲ."

ಅಕ್ಕ ಮಾತು ಕೊಟ್ಟರೆ ಮುಗಿಯಿತು. ಮುಂದಿನ ಸಲ ಆಸ್ಪತ್ರೆಯಲ್ಲಿ ಅವಳ ತೂಕ ಐವತ್ತೊಂದು ಬಂತು, ಪರದೆಯ ಮೇಲೆ ಒಂದೇ ಲೀಟರ್. ತಮ್ಮ ಕುಣಿದುಬಿಟ್ಟ. "ನೋಡಿದ್ಯಾ? ಮನಸ್ಸು ಮಾಡಿದ್ರೆ ಆಗುತ್ತೆ!" ದೊಡ್ಡ ಸಿಸ್ಟರ್ ಅವಳ ಬೆನ್ನು ತಟ್ಟಿದರು. ಅಕ್ಕನ ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಮಾತಾಡಿದರೆ ರಕ್ತ ಬರುತ್ತದೆಂದು ಸುಮ್ಮನೆ ತಲೆಯಾಡಿಸಿದಳು. ಅದರ ಮುಂದಿನ ಸಲವೂ ಒಂದು. ಅದರ ಮುಂದಿನ ಸಲ ಮುಕ್ಕಾಲು. ಅವಳ ಕೆನ್ನೆ ಒಳಗೆ ಸೇರಿತು. ಎದ್ದರೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ ಎಂದು ಎರಡು ಸಲ ಹೇಳಿದಳು. "ಚಳಿಗೆ ಹಾಗಾಗುತ್ತೆ ಅಕ್ಕ," ಎಂದು ತಮ್ಮ ತನ್ನ ಕೋಟನ್ನೂ ಅವಳಿಗೆ ಹೊದಿಸಿದ.

ಮಾತು ಕೊಟ್ಟ ಎರಡನೇ ವಾರದ ಕೊನೆಯ ಬೆಳಗ್ಗೆ ಬಟ್ಟೆ ಕತ್ತರಿಸುವ ಟೇಬಲ್ಲಿನ ಮೇಲೆ ಅವಳು ಹಾಗೇ ಕವುಚಿಕೊಂಡಳು. ಕತ್ತರಿ ಬಿದ್ದ ಸದ್ದಿಗೆ ತಮ್ಮ ಓಡಿಬಂದ. ಬಲಗೈ ತೂಗುತ್ತಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು.

ತುರ್ತು ವಾರ್ಡಿನ ಡಾಕ್ಟರು ಹೊಸಬರು, ಚಿಕ್ಕ ವಯಸ್ಸಿನ ಹೆಂಗಸು. ಅಕ್ಕನ ಕೈಯ ಚರ್ಮ ಎತ್ತಿ ಬಿಟ್ಟು ನೋಡಿದರು. ಬಿ.ಪಿ. ನೋಡಿ ಇನ್ನೊಮ್ಮೆ ನೋಡಿದರು. "ಬಿ.ಪಿ. ಬಿದ್ದು ಬಿದ್ದು ಮೆದುಳಿಗೆ ರಕ್ತ ಹೋಗಿಲ್ಲ. ಮೈಯಲ್ಲಿ ನೀರೇ ಇಲ್ಲ. ಯಾರು ಇವರನ್ನ ಇಷ್ಟು ಒಣಗಿಸಿದ್ದು?" ಎಂದು ಕೇಳಿದರು.

"ಅವಳೇ ಮೇಡಂ, ತುಂಬಾ ಶಿಸ್ತು," ಎಂದ ತಮ್ಮ. ಈ ಮಾತು ಅವನ ಬಾಯಿಂದ ಬಂದದ್ದು ಹೌದು. ಆಮೇಲೆ ಎಷ್ಟೋ ಕಾಲ ಅದು ಅವನನ್ನು ಊಟ ಮಾಡಲು ಬಿಡಲಿಲ್ಲ.

ಹೊರಗಿನ ಬೆಂಚಿನಲ್ಲಿ ಬೈಂಡರ್ ತಾತ ತಮ್ಮ ಸರದಿಗೆ ಕಾಯುತ್ತ ಕೂತಿದ್ದರು. ಸುದ್ದಿ ಕೇಳಿ ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ಆಮೇಲೆ, ಪಕ್ಕದಲ್ಲಿ ಕುಸಿದು ಕೂತವನನ್ನು ಹೇಗಾದರೂ ಮಾತಿಗೆಳೆಯಬೇಕೆಂದು, "ಹಾಳು ಚಳಿ ಕಣಪ್ಪಾ. ಇದೂ ವಿಚಿತ್ರದ್ದೇ. ಸ್ವೆಟರು, ಕೋಟು ಹಾಕ್ಕೊಂಡು ಬೆಚ್ಚಗಿರೋರ್ಗೇ ಸೆಳೆತ ಬರುತ್ತೆ. ನನ್ನದು ವರ್ಷವೆಲ್ಲ ಇದೊಂದೇ ಅಂಗಿ, ನನಗೊಂದು ದಿನ ಕಾಲು ಹಿಡೀಲಿಲ್ಲ ನೋಡು," ಎಂದರು.

ತಮ್ಮ ಮೊದಲು ಹೂಂಗುಟ್ಟಿದ. ಆಮೇಲೆ ತಲೆಯೆತ್ತಿ ತಾತನ ಅಂಗಿ ನೋಡಿದ. ಹತ್ತಿಯ ತೆಳು ಅಂಗಿ. ಬಟ್ಟೆ, ಸೊನ್ನೆ.

ಲ್ಯಾಪ್‌ಟಾಪ್ ಬಿಚ್ಚಿದ. ಸ್ವೆಟರ್ ಹಾಕಿ ಬಂದ ಮೊದಲ ದಿನದ ಅಂಕಿಗಳನ್ನು ಒತ್ತಿದ. ಐವತ್ಮೂರು, ಐವತ್ತೊಂದು, ಒಂದು. ಐವತ್ಮೂರರಲ್ಲಿ ಐವತ್ತೊಂದು ಹೋದರೆ ಎರಡು, ಅದರಲ್ಲಿ ಒಂದು ಹೋದರೆ ಒಂದು. ಮಗುವಿಗೂ ಬರುವ ಲೆಕ್ಕ. ಪರದೆ ಮೂರು ಎಂದಿತು. ಅವನ ಆರು ಚೆಂದದ ಸಾಲುಗಳು ಲೆಕ್ಕವನ್ನು ಬಾಲದಿಂದ ಹಿಡಿದಿದ್ದವು: ಮೊದಲು ಐವತ್ತೊಂದರಲ್ಲಿ ಒಂದು ಕಳೆದು ಐವತ್ತು ಮಾಡಿ, ಆ ಐವತ್ತನ್ನು ಐವತ್ಮೂರರಿಂದ ಕಳೆದಿದ್ದವು. ಕಳೆಯಬೇಕಾದ ಬಟ್ಟೆಯ ತೂಕ ನೀರಿಗೆ ಸೇರಿಹೋಗಿತ್ತು. ಬಟ್ಟೆ ಸೊನ್ನೆಯಾದರೆ ಯಾವ ಕಡೆಯಿಂದ ಕಳೆದರೂ ಒಂದೇ. ಬೇಸಿಗೆಯ ನಲವತ್ತು ಚೀಟಿಗಳೂ ಅದಕ್ಕೇ ಸುಳ್ಳು ಸಾಕ್ಷಿ ಹೇಳಿದ್ದವು. ಒಂದು ಕಿಲೋ ಉಡುಪಿಗೆ ಎರಡು ಲೀಟರ್ ಹೆಚ್ಚು. ಅಕ್ಕನ ಮೈಯಿಂದ, ಪ್ರತಿ ಸಲ.

ಮೊದಲ ದಿನ ಅವಳು ಕುಡಿದಿರಲಿಲ್ಲ. ಆಮೇಲೆ ಕುಡಿದಳು, ಏಕೆಂದರೆ ಇವನು ಕಿತ್ತುಕೊಂಡದ್ದನ್ನು ಅವಳ ಮೈ ವಾಪಸು ಕೇಳುತ್ತಿತ್ತು. ಕದ್ದು ಕುಡಿದ ಇಸ್ತ್ರಿ ನೀರೇ ಆ ಹತ್ತು ದಿನ ಅವಳನ್ನು ಉಳಿಸಿತ್ತು. ಮಾತು ಕೊಟ್ಟ ಮೇಲಿನ ಮೊದಲ ದಿನದ ಅಂಕಿ ಹಾಕಿದ: ಐವತ್ತೊಂದು, ಐವತ್ತೊಂದು, ಒಂದು. ಸರಿಯಾದ ಉತ್ತರ ಸೊನ್ನೆಗಿಂತಲೂ ಒಂದು ಕೆಳಗೆ. ಹನಿ ನೀರನ್ನೂ ತೆಗೆಯಬಾರದಿದ್ದ ದಿನ ಇನ್ನೊಂದು ಲೀಟರ್ ತೆಗೆಸಿ, ಅವಳ ಎದುರು ನಿಂತು ಕುಣಿದಿದ್ದ.

ಎದ್ದು ಡಯಾಲಿಸಿಸ್ ಕೋಣೆಗೆ ಓಡಿದ. ಒಂಬತ್ತು ಮೆಷಿನ್ನುಗಳೂ ತಿರುಗುತ್ತಿದ್ದವು. "ನಿಲ್ಲಿಸಿ ಸಿಸ್ಟರ್. ನೀರು ತೆಗೆಯೋದು ನಿಲ್ಲಿಸಿ. ನನ್ನ ಲೆಕ್ಕ ತಪ್ಪು. ಸ್ವೆಟರ್ ಹಾಕಿರೋರ್ದೆಲ್ಲ ತಪ್ಪು." ಕುರ್ಚಿಗಳಲ್ಲಿದ್ದವರು ತಲೆ ಎತ್ತಿ ಅವನನ್ನೇ ನೋಡಿದರು. ಅವನು ಅವರ ಕಡೆಗೂ ತಿರುಗಿ ಜೋರಾಗಿಯೇ ಹೇಳಿದ: "ನೀವ್ಯಾರೂ ಹೆಚ್ಚಿಗೆ ಕುಡೀತಿರಲಿಲ್ಲ."

ದೊಡ್ಡ ಸಿಸ್ಟರ್ ಮೊದಲು ಮೆಷಿನ್ನುಗಳ ಗುಂಡಿ ಒತ್ತುತ್ತ ಹೋದರು. ಕೊನೆಯ ಕುರ್ಚಿ ಮುಗಿಸಿ ಬಂದು ಅವನ ಮುಂದೆ ನಿಂತರು. ಅವರ ಧ್ವನಿ ಏರಲಿಲ್ಲ. "ಹದಿನೇಳು ವರ್ಷ ನಾನು ಎರಡು ಸಲ ತೂಕ ನೋಡ್ತಿದ್ದೆ. ನೀವು ಬೇಡ ಅಂದ್ರಿ. ನಾನೂ ಕೇಳ್ದೆ," ಎಂದರು. ಆಮೇಲೆ ಮೇಜಿನ ಖಾನೆಯಿಂದ ಹಳೆಯ ಚೀಟಿಗಳ ಕಟ್ಟು ತೆಗೆದು ಮೊದಲ ಕುರ್ಚಿಯ ಹತ್ತಿರ ಹೋದರು.

ತಪ್ಪು ತಿದ್ದಲು ಅವನಿಗೆ ಮೂರು ನಿಮಿಷ ಸಾಕಾಗುತ್ತಿತ್ತು. ತಿದ್ದಲಿಲ್ಲ. ಅಕ್ಕನ ವಾರ್ಡಿಗೆ ಹೋದ.

ಅಕ್ಕನಿಗೆ ಪ್ರಜ್ಞೆ ಬಂದಿತ್ತು. ಎಡಗೈಗೆ ಸೂಜಿ ಚುಚ್ಚಿ ನೀರು ಹನಿಸುತ್ತಿದ್ದರು. ಇನ್ನು ಎಷ್ಟು ದಿನ ಉಳಿಯುತ್ತಾರೋ ಹೇಳಲಾಗದು ಎಂದು ಡಾಕ್ಟರು ಆಗಲೇ ಹೇಳಿದ್ದರು. ಚಮಚದಲ್ಲಿ ಸ್ವಲ್ಪ ಸ್ವಲ್ಪ ಬಾಯಿಗೂ ನೀರು ಕೊಡಬಹುದು, ನುಂಗುತ್ತಾರೆ, ತುಟಿಗಾದರೂ ಹಿತ ಎಂದಿದ್ದರು.

ಅವನು ಮಂಚದ ಪಕ್ಕ ಮೊಣಕಾಲೂರಿ ಕೂತು ಎಲ್ಲ ಹೇಳಿದ. ಹಿಂದೆ ಮುಂದೆ ಮಾಡಿ, ಬಿಕ್ಕುತ್ತ, ಎರಡು ಸಲ ಹೇಳಿದ. "ನೀನು ಕುಡಿದಿರಲಿಲ್ಲ ಅಕ್ಕ. ನೀನು ಹೇಳಿದ್ದೇ ನಿಜ. ತಪ್ಪು ನಂದು." ಅಕ್ಕನ ಕಣ್ಣು ಅವನ ಮೇಲಿತ್ತು. ಏನನ್ನೂ ಹಿಡಿಯದ ಕಣ್ಣು. ಮಾತುಗಳು ಅವಳವರೆಗೆ ಹೋಗಿ ತಿರುಗಿ ಬರುತ್ತಿದ್ದವು.

ಅವನು ಲೋಟದಿಂದ ಚಮಚದಲ್ಲಿ ನೀರು ತುಂಬಿ ತುಟಿಯ ಹತ್ತಿರ ಹಿಡಿದ. "ಕುಡಿ ಅಕ್ಕ. ಡಾಕ್ಟರೇ ಕೊಡು ಅಂದಿದಾರೆ."

ಅಕ್ಕ ಚಮಚ ನೋಡಿದಳು, ಅವನನ್ನು ನೋಡಿದಳು. ನೆಟ್ಟಗಿದ್ದ ಅರ್ಧ ಮುಖದಲ್ಲಿ ಹೆದರಿಕೆ ಕಂಡಿತು. ತುಟಿ ಬಿಗಿಹಿಡಿದು ಗೋಡೆಯ ಕಡೆಗೆ ಹೊರಳಿದಳು.

"ಮುಟ್ಟಲ್ಲ," ಎಂದಳು ತೊದಲುತ್ತ. "ಮುಟ್ಟಲ್ಲ ಕಣೋ."

"ಅಯ್ಯೋ ಅಕ್ಕ, ನಾನೇ ಕೊಡ್ತಿದೀನಿ. ಕುಡಿಯೇ."

"ಮುಟ್ಟಲ್ಲ."

ಚಮಚದ ನೀರು ದಿಂಬಿನ ಮೇಲೆ ಚೆಲ್ಲಿತು. ಎಷ್ಟು ಬೇಡಿದರೂ ಅವಳು ಈ ಕಡೆ ತಿರುಗಲಿಲ್ಲ. ವಾರ್ಡಿನ ನರ್ಸು ಬಂದು ಅವನ ಕೈಯಿಂದ ಲೋಟ ತೆಗೆದುಕೊಂಡಳು. ಅವಳು ಚಮಚ ಹಿಡಿದಾಗ ಅಕ್ಕ ಬಾಯಿ ಸ್ವಲ್ಪ ತೆರೆದಳು. ಆದರೆ ಕಣ್ಣು ತಮ್ಮನ ಮೇಲೆ ಬಿತ್ತು, ಬಾಯಿ ಮತ್ತೆ ಮುಚ್ಚಿತು.

"ನೀವು ಸ್ವಲ್ಪ ಆಚೆ ಹೋಗ್ತೀರಾ?" ಎಂದಳು ನರ್ಸು ಮೆಲ್ಲಗೆ. "ನೀವಿದ್ರೆ ಕುಡಿಯಲ್ಲ ಅನ್ನಿಸುತ್ತೆ."

ಅವನು ಎದ್ದು ಹೊರಗೆ ಹೋದ. ಬಾಗಿಲು ಮುಚ್ಚಿಕೊಂಡು, ಅಕ್ಕನಿಗೆ ಕಾಣದ ಕಡೆ ಗೋಡೆಗೆ ಒರಗಿ ನಿಂತ. ಒಳಗೆ ಚಮಚ ಲೋಟಕ್ಕೆ ತಾಗಿದ ಸದ್ದು ಕೇಳಿಸಿತು. ಮತ್ತೊಮ್ಮೆ ಕೇಳಿಸಿತು. ಅವಳು ಕುಡಿಯುತ್ತಿದ್ದಳು.